ರೋಲ್ಸ್‌ರಾಯ್ಸ್‌ನ ಎರಡನೇ ಹೆಸರು: ಪೇಪರ್ ಮಾರುತ್ತಿದ್ದ ಹುಡುಗ ಮತ್ತು ಬಡಿದು ಮಾಡಿದ ಉಕ್ಕು

ರೋಲ್ಸ್‌ರಾಯ್ಸ್ ಅಂದ ತಕ್ಷಣ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬಂದು ಬೀಳೋದು ಒಂದೇ ಕಥೆ. ಲಂಡನ್ ಶೋರೂಮಿನಲ್ಲಿ ಅವಮಾನ ಆದ ಮಹಾರಾಜನೊಬ್ಬ ಸೇಡು ತೀರಿಸಿಕೊಳ್ಳಲು ಅಲ್ಲಿದ್ದ ಕಾರುಗಳನ್ನೆಲ್ಲ ಕೊಂಡು ತಂದು, ಅವುಗಳಲ್ಲಿ ಊರಿನ ಕಸ ಹೊರಿಸಿದನಂತೆ. ಒಂದು ಸಲ ಅದು ಅಲ್ವರ್ ರಾಜ, ಇನ್ನೊಂದು ಸಲ ಹೈದರಾಬಾದ್ ನಿಜಾಮ. ಫಾರ್ವರ್ಡ್ ಮಾಡುವವರಿಗೆ ರಾಜ ಯಾರಾದರೂ ನಡೆಯುತ್ತೆ. ಈ ಕಥೆಯಲ್ಲಿ ಕೊಳ್ಳುವವನಿದ್ದಾನೆ, ಮಾರುವವನಿದ್ದಾನೆ. ಕಾರು ಮಾಡಿದವನು ಮಾತ್ರ ಎಲ್ಲೂ ಇಲ್ಲ.

ಆ ಹೆಸರಿನ ಮೊದಲರ್ಧ, ಅಂದರೆ ಚಾರ್ಲ್ಸ್ ರೋಲ್ಸ್, ಲಾರ್ಡ್ ಒಬ್ಬನ ಮಗ. ಈಟನ್ ಶಾಲೆ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯ, ಲಂಡನ್ನಿನಲ್ಲಿ ಕಾರು ಮಾರುವ ಕಂಪನಿ. ಎರಡನೇ ಅರ್ಧ ಹೆನ್ರಿ ರಾಯ್ಸ್. ಒಂದು ವರ್ಷದಷ್ಟೂ ಸರಿಯಾಗಿ ಶಾಲೆಗೆ ಹೋಗದವನು, ರೈಲು ನಿಲ್ದಾಣದಲ್ಲಿ ಪೇಪರ್ ಮಾರಿದವನು, ಬೀದಿ ಬೀದಿ ಅಲೆದು ಟೆಲಿಗ್ರಾಂ ಹಂಚಿದವನು. ಸಾಯುವ ಹೊತ್ತಿಗೆ ಸರ್ ಪದವಿ ಬಂದಿದ್ದರೂ ತನ್ನನ್ನು ಮೆಕ್ಯಾನಿಕ್ ಅಂತಲೇ ಕರೆದುಕೊಂಡವನು.

ಇವನ ಬದುಕನ್ನು ಬಡ ಹುಡುಗ ದೊಡ್ಡವನಾದ ಕಥೆಯಾಗಿ ಹೇಳಿ ಮುಗಿಸುವುದು ಸುಲಭ. ಮೋಟಿವೇಷನ್ ವೀಡಿಯೊಗಳು ಮಾಡುವುದೇ ಅದನ್ನು. ಆದರೆ ಅವನು ಜೀವನವಿಡೀ ತಲೆ ಕೆಡಿಸಿಕೊಂಡಿದ್ದು ಉಕ್ಕು ಯಾಕೆ ಮುರಿಯುತ್ತೆ, ಹೇಗೆ ಮಾಡಿದರೆ ಮುರಿಯಲ್ಲ ಅನ್ನುವ ಪ್ರಶ್ನೆಗೆ. ಅದನ್ನು ಹಿಡಿದು ಹೊರಟರೆ ಅವನ ಬದುಕು ಬೇರೆಯೇ ಕಾಣಿಸುತ್ತೆ. ಅದಕ್ಕೆ ಮೊದಲು ಎಂಜಿನ್ನಿನ ಒಳಗಿನ, ಯಾರೂ ನೋಡದ ಒಂದು ಭಾಗವನ್ನು ನೋಡಬೇಕು.

ಕಾಣದ ತೋಳು

ಸೈಕಲ್ ತುಳಿಯುವ ಕಾಲನ್ನು ನೆನಪು ಮಾಡಿಕೊಳ್ಳಿ. ಮಂಡಿ ಮೇಲೆ ಕೆಳಗೆ ಹೋಗುತ್ತೆ, ಪೆಡಲ್ ಸುತ್ತ ತಿರುಗುತ್ತೆ. ಮಂಡಿಯಿಂದ ಪಾದದವರೆಗಿನ ಕಾಲು ಈ ಎರಡನ್ನೂ ಜೋಡಿಸುತ್ತೆ. ಎಂಜಿನ್ನಿನಲ್ಲಿ ಆ ಕೆಲಸ ಮಾಡುವುದು ಕನೆಕ್ಟಿಂಗ್ ರಾಡ್. ಮೇಲಿನ ತುದಿಯಲ್ಲಿ ಪಿಸ್ಟನ್, ಕೆಳಗಿನ ತುದಿಯಲ್ಲಿ ಕ್ರ್ಯಾಂಕ್‌ಶಾಫ್ಟ್. ಮೇಲೆ ನಡೆಯುವ ಸ್ಫೋಟವನ್ನು ಕೆಳಗೆ ತಿರುಗುವ ಶಕ್ತಿಯಾಗಿ ಮಾಡುವ ಉಕ್ಕಿನ ತೋಳು ಅದು.

ಪೆಟ್ರೋಲ್ ಹೊತ್ತಿದಾಗ ಬೀಳುವ ಒತ್ತಡವೇ ಈ ರಾಡ್‌ಗೆ ದೊಡ್ಡ ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ವೇಗದ ಎಂಜಿನ್ನುಗಳಲ್ಲಿ ಅದಕ್ಕಿಂತ ಅಪಾಯದ್ದು ಎಳೆತ. ಪಿಸ್ಟನ್ ಮೇಲಕ್ಕೆ ನುಗ್ಗುತ್ತಿರುತ್ತೆ, ತುತ್ತತುದಿ ಮುಟ್ಟಿದ ಕ್ಷಣ ಅದನ್ನು ತಡೆದು ಕೆಳಕ್ಕೆ ಎಳೆಯಬೇಕು. ಎಳೆಯುವುದು ಈ ರಾಡೇ. ಎಂಜಿನ್ ವೇಗ ಎರಡು ಪಟ್ಟಾದರೆ ಈ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಒಂದು ಕ್ಷಣ ಒತ್ತು, ಮರುಕ್ಷಣ ಎಳೆ. ನಿಮಿಷಕ್ಕೆ ಸಾವಿರಾರು ಸಲ ಹೀಗೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಾ ಇದ್ದರೆ ಕೊನೆಗೊಮ್ಮೆ ಪಟ್ ಅಂತ ಮುರಿಯುತ್ತಲ್ಲ, ಉಕ್ಕಿಗೂ ಅದೇ ಗತಿ. ದಣಿವು ಅನ್ನೋದು ಲೋಹಕ್ಕೂ ಇದೆ. ರಾಡ್ ಮುರಿದರೆ ಅದರ ತುಂಡು ಎಂಜಿನ್ನಿನ ಗೋಡೆಯನ್ನೇ ಒಡೆದುಕೊಂಡು ಹೊರಗೆ ಬರುತ್ತೆ.

ಹಾಗಾಗಿ ಬಿರುಸಿನ ಎಂಜಿನ್ನುಗಳಲ್ಲಿ ಈ ರಾಡನ್ನು ಕಾಯಿಸಿ, ಬಡಿದು ಮಾಡುತ್ತಾರೆ. ಲೋಹ ಕರಗಿಸಿ ಅಚ್ಚಿಗೆ ಸುರಿದರೆ ಅದು ಎರಕ. ಕೆಂಪಗೆ ಕಾದ ಉಕ್ಕಿನ ಗಟ್ಟಿಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಭಾರೀ ಸುತ್ತಿಗೆಯಲ್ಲೋ ಪ್ರೆಸ್‌ನಲ್ಲೋ ಜಜ್ಜಿ ಆಕಾರ ಕೊಟ್ಟರೆ ಅದು ಫೋರ್ಜಿಂಗ್. ಸೌದೆ ಒಡೆದವರಿಗೆ ಗೊತ್ತು, ಮರಕ್ಕೊಂದು ಎಳೆ ಇರುತ್ತೆ. ಎಳೆಯ ಉದ್ದಕ್ಕೆ ಕೊಡಲಿ ಬಿದ್ದರೆ ಸೀಳುತ್ತೆ, ಅಡ್ಡಕ್ಕೆ ಬಿದ್ದರೆ ಸುಲಭಕ್ಕೆ ಬಗ್ಗಲ್ಲ. ಬಡಿದ ಉಕ್ಕಿನ ಒಳಗೂ ಅಂಥ ಎಳೆ ಇರುತ್ತೆ. ಅದು ರಾಡ್‌ನ ಉದ್ದಕ್ಕೂ ಓಡಿ, ತುದಿಯಲ್ಲಿ ಆಕಾರದ ಜೊತೆಗೇ ಬಾಗಿ ತಿರುಗುತ್ತೆ. ಎರಕದಲ್ಲಿ ಉಳಿದುಬಿಡಬಹುದಾದ ಸಣ್ಣ ಟೊಳ್ಳುಗಳು ಇಲ್ಲಿ ಜಜ್ಜಿ ಮುಚ್ಚಿಹೋಗುತ್ತವೆ.

ಇವತ್ತು ಕಾರು ಟ್ಯೂನ್ ಮಾಡುವ ಹುಡುಗರ ರೀಲ್ಸ್‌ಗಳಲ್ಲಿ ಫೋರ್ಜ್ಡ್ ಇಂಟರ್ನಲ್ಸ್ ಅನ್ನೋದು ಮಂತ್ರದ ಹಾಗೆ ಕೇಳಿಸುತ್ತೆ. ಟರ್ಬೊ ಹಾಕಿ ಶಕ್ತಿ ಏರಿಸುವ ಮೊದಲು ರಾಡ್ ಬದಲಿಸಿ ಅನ್ನುತ್ತಾರೆ. ಎಚ್ ಅಕ್ಷರದ ಆಕಾರಕ್ಕೆ ಕೊರೆದ, ನಿಕ್ಕಲ್ ಬೆರೆತ ಉಕ್ಕಿನ ಆ ರಾಡ್‌ಗಳ ಹಿಂದೆ ಒಂದು ವಂಶಾವಳಿ ಇದೆ. ಅದರ ದೊಡ್ಡ ಕೊಂಬೆಯೊಂದು ಹೆನ್ರಿ ರಾಯ್ಸ್.

ವರ್ಷಕ್ಕೆ 20 ಪೌಂಡ್

ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಇಂಗ್ಲೆಂಡಿನ ಪೀಟರ್‌ಬರೊ ಹತ್ತಿರದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಐದು ಮಕ್ಕಳಲ್ಲಿ ಕೊನೆಯವನು. ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿ ಮುಳುಗಿತು, ಅಪ್ಪ ಕೆಲಸ ಹುಡುಕಿಕೊಂಡು ಲಂಡನ್ನಿಗೆ ಹೋದ, 1872ರಲ್ಲಿ ತೀರಿಕೊಂಡ. ಹುಡುಗನಿಗೆ ಆಗ ಒಂಬತ್ತು ವರ್ಷ. ಡಬ್ಲ್ಯು.ಎಚ್. ಸ್ಮಿತ್ ಕಂಪನಿಯ ಪೇಪರ್ ಮಾರಿದ, ಆಮೇಲೆ ಅಂಚೆ ಕಚೇರಿಯ ಟೆಲಿಗ್ರಾಂ ಹುಡುಗನಾದ. ಹೊಟ್ಟೆ ತುಂಬ ಊಟ ಸಿಗದ ಆ ದಿನಗಳ ಗುರುತು ಅವನ ಆರೋಗ್ಯದಲ್ಲಿ ಕೊನೆಯವರೆಗೂ ಉಳಿಯಿತು.

1878ರ ಹೊತ್ತಿಗೆ ಅತ್ತೆಯೊಬ್ಬಳು ಕೈ ಹಿಡಿದಳು. ಪೀಟರ್‌ಬರೊದ ಗ್ರೇಟ್ ನಾರ್ದರ್ನ್ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಲು ವರ್ಷಕ್ಕೆ 20 ಪೌಂಡ್ ಕಟ್ಟಿದಳು. ಆ ಕಾಲಕ್ಕೆ ಕೆಲಸ ಕಲಿಯುವವನೇ ದುಡ್ಡು ಕೊಡಬೇಕಿತ್ತು. ಉಗಿಬಂಡಿಗಳ ಆ ಕಾರ್ಖಾನೆಯಲ್ಲಿ ಅವನು ಲೇತ್ ಕಲಿತ, ಅರ ಹಾಕುವುದನ್ನು ಕಲಿತ. ಉಗಿಬಂಡಿ ಅಂದ್ರೆ ಕನೆಕ್ಟಿಂಗ್ ರಾಡ್ ಹೊರಗೇ ಕಾಣುವ ಯಂತ್ರ. ಚಕ್ರದ ಪಕ್ಕದಲ್ಲಿ ಹಿಂದೆ ಮುಂದೆ ಓಡಾಡುವ ಆ ಉದ್ದನೆಯ ತೋಳು ದಿನವೂ ಅವನ ಕಣ್ಣ ಮುಂದೆ ಇತ್ತು.

ಮೂರು ವರ್ಷ ಆಗುವಷ್ಟರಲ್ಲಿ ಅತ್ತೆಯ ದುಡ್ಡು ಮುಗಿಯಿತು. ಅಪ್ರೆಂಟಿಸ್‌ಗಿರಿಯೂ ಅಲ್ಲಿಗೆ ನಿಂತಿತು. ಪ್ರತಿಭೆ ಇತ್ತು, ಶ್ರಮ ಇತ್ತು, ಆಸೆ ಇತ್ತು. ಇಲ್ಲದೆ ಹೋದದ್ದು 20 ಪೌಂಡ್ ಮಾತ್ರ. ಮೆರಿಟ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ನಾಡಿನಲ್ಲಿ ಈ ಸಣ್ಣ ಲೆಕ್ಕವನ್ನು ಗಮನಿಸಬೇಕು. ಲೋಕದ ಅತ್ಯುತ್ತಮ ಕಾರು ಮಾಡಲಿದ್ದ ಹುಡುಗನ ಓದು ನಿಂತದ್ದು ಮಾರ್ಕ್ಸ್ ಕಡಿಮೆಯಾಗಿ ಅಲ್ಲ, ಫೀಸ್ ಕಟ್ಟಲಾಗದೆ. ವಿದ್ಯಾರ್ಥಿವೇತನ ತಡವಾಗಿ ಕಾಲೇಜು ಬಿಟ್ಟವರನ್ನು ಕಂಡವರಿಗೆ ಇದು ಇಂಗ್ಲೆಂಡಿನ ಹಳೇ ಕಥೆ ಅಂತ ಅನ್ನಿಸಲ್ಲ.

ಮುಂದೆ ಲೀಡ್ಸ್‌ನ ಉಪಕರಣ ತಯಾರಿಕಾ ಕಾರ್ಖಾನೆಯಲ್ಲಿ ವಾರಕ್ಕೆ 54 ಗಂಟೆ ದುಡಿತ, ಕೂಲಿ 11 ಶಿಲಿಂಗ್. ಅಲ್ಲಿಂದ ಲಂಡನ್ನಿನ ವಿದ್ಯುತ್ ಕಂಪನಿ, ರಾತ್ರಿ ಸಂಜೆ ತರಗತಿ, ಆಮೇಲೆ ಲಿವರ್‌ಪೂಲ್‌ನಲ್ಲಿ ಬೀದಿ ಮತ್ತು ನಾಟಕಮಂದಿರಗಳಿಗೆ ದೀಪ ಹಾಕುವ ಕೆಲಸ. ಆ ಕಂಪನಿಯೂ ಮುಳುಗಿತು. 1884ರಲ್ಲಿ ಮ್ಯಾಂಚೆಸ್ಟರ್‌ನ ಕುಕ್ ಸ್ಟ್ರೀಟ್‌ನಲ್ಲಿ ಎಫ್.ಎಚ್. ರಾಯ್ಸ್ ಅಂಡ್ ಕಂಪನಿ ಶುರು. ರಾಯ್ಸ್ ಹಾಕಿದ ಬಂಡವಾಳ 20 ಪೌಂಡ್, ಜೊತೆಗಾರ ಅರ್ನೆಸ್ಟ್ ಕ್ಲೇರ್‌ಮಾಂಟ್ ಹಾಕಿದ್ದು 50. ವಿದ್ಯುತ್ ಗಂಟೆ, ಬಲ್ಬ್ ಹೋಲ್ಡರ್, ಡೈನಮೊ, ಆಮೇಲೆ ವಿದ್ಯುತ್ ಕ್ರೇನ್. ಊಟ ನಿದ್ದೆ ಬಿಟ್ಟು ದುಡಿದ. ಜೊತೆಗಿದ್ದವರನ್ನೂ ಹಾಗೇ ದುಡಿಸಿದ ಅನ್ನೋದನ್ನು ಮರೆಯಬಾರದು. ತನ್ನನ್ನೇ ಗೇಯಿಸಿಕೊಳ್ಳುವ ಯಜಮಾನ ಬೇರೆಯವರ ದಣಿವನ್ನು ಸುಲಭಕ್ಕೆ ನೋಡುವುದಿಲ್ಲ.

ಮಾರುವವನ ಹೆಸರು ಮೊದಲು

20ನೇ ಶತಮಾನ ಶುರುವಾಗುವ ಹೊತ್ತಿಗೆ ಜರ್ಮನಿ, ಅಮೆರಿಕಗಳಿಂದ ಅಗ್ಗದ ಯಂತ್ರಗಳು ಬಂದು ವ್ಯಾಪಾರ ಕುಸಿಯಿತು. ರಾಯ್ಸ್ ತನ್ನ ಕ್ರೇನ್‌ಗಳ ಗುಣಮಟ್ಟ ಇಳಿಸಲು ಒಪ್ಪಲಿಲ್ಲ. ದುಡಿದು ದುಡಿದು 1902ರಲ್ಲಿ ಹಾಸಿಗೆ ಹಿಡಿದ. ಮರುವರ್ಷ ಡೆಕಾವಿಲ್ ಎಂಬ ಫ್ರೆಂಚ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ. ಅದರ ಗದ್ದಲ, ನಡುಕ ಅವನಿಗೆ ಹಿಡಿಸಲಿಲ್ಲ. ಬಿಚ್ಚಿ, ಒಂದೊಂದೇ ಭಾಗ ನೋಡಿ, ಇದಕ್ಕಿಂತ ಚೆನ್ನಾಗಿ ಮಾಡಬಹುದು ಅಂತ ಕೂತ. 1904ರ ಏಪ್ರಿಲ್ 1ರಂದು ಅವನ ಮೊದಲ ಎರಡು ಸಿಲಿಂಡರ್ ಕಾರು ಕುಕ್ ಸ್ಟ್ರೀಟ್‌ನಿಂದ ಹೊರಟಿತು.

ಮೇ 4ರಂದು ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ರೋಲ್ಸ್ ಮತ್ತು ರಾಯ್ಸ್ ಭೇಟಿ. ಒಬ್ಬನಿಗೆ 26, ಇನ್ನೊಬ್ಬನಿಗೆ 41. ರೋಲ್ಸ್ ಕಾರನ್ನು ಓಡಿಸಿ ನೋಡಿ, ರಾಯ್ಸ್ ಎಷ್ಟು ಮಾಡಿದರೂ ತಾನು ಮಾರುತ್ತೇನೆ ಅಂತ ಒಪ್ಪಂದಕ್ಕೆ ಬಂದ. ಕಾರಿನ ಹೆಸರು ರೋಲ್ಸ್‌ರಾಯ್ಸ್ ಆಯಿತು. ಮಾಡಿದವನ ಹೆಸರು ಎರಡನೆಯದು. ಮಾತಾಡುವಾಗ ಅದನ್ನೂ ನುಂಗಿ ಜನ ರೋಲ್ಸ್ ಅಂತಷ್ಟೇ ಕರೆದರು. ರಾಯ್ಸ್ ಇದಕ್ಕಾಗಿ ಜಗಳ ಆಡಿದವನಲ್ಲ. ಆದರೂ ವರ್ಗ ಅನ್ನೋದು ಬೋರ್ಡಿನ ಮೇಲಿನ ಅಕ್ಷರಗಳ ಸಾಲಿನಲ್ಲೂ ಇರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಮಾಡಿದವನ ಕೆಲಸ ಮಾತ್ರ ರಸ್ತೆಯಲ್ಲಿ ಮಾತಾಡಿತು. 1906ರಲ್ಲಿ ಬಂದ ಆರು ಸಿಲಿಂಡರಿನ 40/50 ಮಾದರಿಯ ಒಂದು ಕಾರಿಗೆ ಸಿಲ್ವರ್ ಘೋಸ್ಟ್ ಅಂತ ಹೆಸರಿಟ್ಟರು. 1907ರಲ್ಲಿ ಅದನ್ನು ಲಂಡನ್ ಮತ್ತು ಗ್ಲಾಸ್ಗೊ ನಡುವೆ ಮತ್ತೆ ಮತ್ತೆ ಓಡಿಸಿ, ತಾನಾಗಿ ಒಮ್ಮೆಯೂ ನಿಲ್ಲದೆ 14,371 ಮೈಲಿ ಕ್ರಮಿಸುವ ದಾಖಲೆ ಮಾಡಿದರು. 15,000 ಮೈಲಿ ಮುಗಿದ ಮೇಲೆ ಎಂಜಿನ್ ಪೂರ್ತಿ ಬಿಚ್ಚಿ ಪರೀಕ್ಷೆ ಮಾಡಿದಾಗ, ಸವೆದ ಭಾಗಗಳನ್ನು ಬದಲಿಸಲು ತಗುಲಿದ ಖರ್ಚು ಎರಡು ಪೌಂಡ್ ಚಿಲ್ಲರೆ. ಭಾಗಗಳು ಮುರಿಯದೆ ಇರೋದಕ್ಕೆ ಅದೃಷ್ಟ ಕಾರಣ ಅಲ್ಲ. ಯಾವ ಉಕ್ಕು, ಅದನ್ನು ಹೇಗೆ ಕಾಯಿಸಿ ಹದ ಮಾಡಬೇಕು, ಮೂಲೆಯನ್ನು ಎಷ್ಟು ದುಂಡಗೆ ತಿರುಗಿಸಬೇಕು, ಇವೇ ಅವನ ದಿನದ ಚಿಂತೆ. ಚೂಪಾದ ಮೂಲೆಯಲ್ಲಿ, ಉಗುರಿನಲ್ಲಿ ಗೀಚಿದಷ್ಟು ಸಣ್ಣ ಗೀರಿನಲ್ಲಿ ಬಿರುಕು ಹುಟ್ಟುತ್ತೆ. ಬಡಿದು ಮಾಡಿದ ರಾಡನ್ನು ಆಮೇಲೆ ಕೊರೆದು, ಉಜ್ಜಿ, ಕನ್ನಡಿಯ ಹಾಗೆ ಹೊಳಪು ಕೊಡುವುದು ಅಂದಕ್ಕಲ್ಲ, ಬಿರುಕಿಗೆ ಜಾಗ ಸಿಗದಿರಲಿ ಅಂತ.

ನಮ್ಮ ಕಾಲೇಜುಗಳ ಫೌಂಡ್ರಿ ಅಂಡ್ ಫೋರ್ಜಿಂಗ್ ಲ್ಯಾಬ್ ನೆನಪಾಗುತ್ತೆ. ಮೆಕ್ಯಾನಿಕಲ್ ಓದಿದ ನಾವು ಕುಲುಮೆ ಎದುರು ನಿಂತು, ಕಬ್ಬಿಣದ ಸರಳನ್ನು ಚೌಕ ಮಾಡೋಕೆ ನಾಲ್ಕು ಏಟು ಹಾಕಿ, ರೆಕಾರ್ಡ್ ಬರೆದು ಹೊರಬಂದವರು. ನಿಜವಾಗಿ ಸುತ್ತಿಗೆ ಹಿಡಿಯಲು ಬರುತ್ತಿದ್ದದ್ದು ಲ್ಯಾಬಿನ ಸಹಾಯಕರಿಗೆ. ಅವರನ್ನು ಯಾರೂ ಸರ್ ಅನ್ನುತ್ತಿರಲಿಲ್ಲ. ಕೈಗೆ ಮಸಿ ಆದವನು ಕೆಳಗೆ, ಕಾಗದದ ಮೇಲೆ ಗೀಟು ಎಳೆದವನು ಮೇಲೆ ಅನ್ನುವ ಲೆಕ್ಕ ನಮ್ಮಲ್ಲಿ ಜಾತಿಯಷ್ಟೇ ಹಳೆಯದು. ರಾಯ್ಸ್ ಮೆಕ್ಯಾನಿಕ್ ಅನ್ನೋ ಪದವನ್ನು ಬಿಟ್ಟುಕೊಡದೆ ಇದ್ದದ್ದಕ್ಕೆ ಈ ಕಾರಣಕ್ಕೇ ನಮಗೂ ಅರ್ಥ ಇದೆ.

ಹಾಸಿಗೆಯಿಂದ ಎಂಜಿನ್

1910ರ ಜುಲೈನಲ್ಲಿ ಬೋರ್ನ್‌ಮತ್ ಎಂಬಲ್ಲಿ ವಿಮಾನ ಬಿದ್ದು ರೋಲ್ಸ್ ಸತ್ತ. ವಯಸ್ಸು 32. ಮರುವರ್ಷ ರಾಯ್ಸ್ ತೀವ್ರ ಕಾಯಿಲೆ ಬಿದ್ದ, 1912ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ಇನ್ನು ಹೆಚ್ಚು ದಿನ ಇಲ್ಲ ಅಂದುಕೊಂಡವರೇ ಎಲ್ಲ. ಅವನು ಆಮೇಲೆ 21 ವರ್ಷ ಬದುಕಿದ. ಚಳಿಗಾಲದಲ್ಲಿ ಫ್ರಾನ್ಸಿನ ಲ ಕೆನಡೆಲ್, ಉಳಿದಂತೆ ಇಂಗ್ಲೆಂಡಿನ ದಕ್ಷಿಣ ಕರಾವಳಿ, ಕೊನೆಗೆ ವೆಸ್ಟ್ ವಿಟರಿಂಗ್ ಎಂಬ ಹಳ್ಳಿ. ಡರ್ಬಿಯ ಕಾರ್ಖಾನೆಯಿಂದ ದೂರ. ವಿನ್ಯಾಸಕಾರರ ಒಂದು ಸಣ್ಣ ತಂಡ ಅವನ ಹತ್ತಿರವೇ ಇತ್ತು. ನಕ್ಷೆ, ಪತ್ರ, ಟಿಪ್ಪಣಿಗಳು ಡರ್ಬಿಗೆ ಹೋಗುತ್ತಿದ್ದವು, ಪ್ರಶ್ನೆಗಳು ವಾಪಸ್ ಬರುತ್ತಿದ್ದವು. ಈಗಿನ ಭಾಷೆಯಲ್ಲಿ ವರ್ಕ್ ಫ್ರಂ ಹೋಂ.

ಈ 21 ವರ್ಷ ಅವನನ್ನು ಉಳಿಸಿದ್ದು ಎಥೆಲ್ ಆಬಿನ್ ಎಂಬ ನರ್ಸ್. ಊಟ, ಔಷಧ, ಗಾಯದ ಆರೈಕೆ, ಕೆಲಸ ಅತಿಯಾದಾಗ ಪೆನ್ಸಿಲ್ ಕಿತ್ತಿಡುವುದು, ಎಲ್ಲ ಆಕೆಯದೇ. ಎಂಜಿನ್ನುಗಳ ಇತಿಹಾಸದಲ್ಲಿ ಆಕೆಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಆದರೆ 1912ರ ನಂತರ ರಾಯ್ಸ್ ಹೆಸರಿನಲ್ಲಿ ಬಂದ ಒಂದೊಂದು ಎಂಜಿನ್ನಿನ ಹಿಂದೆಯೂ ಆಕೆಯ ದುಡಿಮೆ ಇದೆ.

ಮೊದಲ ಮಹಾಯುದ್ಧ ಶುರುವಾದಾಗ ಸರ್ಕಾರ ವಿಮಾನದ ಎಂಜಿನ್ ಕೇಳಿತು. ಬೇರೆಯವರ ಎಂಜಿನ್ ನಕಲು ಮಾಡುವ ಬದಲು ರಾಯ್ಸ್ ತನ್ನದೇ ಮಾಡಲು ಹೊರಟ. 1915ರಲ್ಲಿ ಈಗಲ್ ಎಂಬ 12 ಸಿಲಿಂಡರಿನ ಎಂಜಿನ್ ಓಡಿತು. ಶುರುವಿನಲ್ಲಿ 225 ಅಶ್ವಶಕ್ತಿ, ಯುದ್ಧ ಮುಗಿಯುವಾಗ 360. ಒಂದೇ ಎಂಜಿನ್ನಿನಿಂದ ಇಷ್ಟು ಹೆಚ್ಚು ಶಕ್ತಿ ಹಿಂಡಬೇಕಾದರೆ ಒಳಗಿನ ಒಂದೊಂದು ರಾಡೂ ಆ ಹೊರೆಯನ್ನು ತಾಳಬೇಕಿತ್ತು.

1919ರ ಜೂನ್‌ನಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ್ದು ಎರಡು ಈಗಲ್ ಎಂಜಿನ್ನುಗಳ ವಿಮಾನದಲ್ಲಿ. ಪಾಠಪುಸ್ತಕಗಳಲ್ಲಿ ಇರೋದು ಇದು. ಅದಕ್ಕೆ ಮೂರು ವಾರ ಮೊದಲು, ಮೇ 24ರಂದು, ನಾಲ್ಕು ಈಗಲ್ ಎಂಜಿನ್ನುಗಳ ಇನ್ನೊಂದು ವಿಮಾನ ಈಗಿನ ಪಾಕಿಸ್ತಾನದ ರಿಸಾಲ್‌ಪುರದಿಂದ ಹಾರಿ ಕಾಬೂಲ್ ಮೇಲೆ ಬಾಂಬ್ ಹಾಕಿತು. ಅದು ಮೂರನೇ ಆಂಗ್ಲೋ ಅಫ್ಘನ್ ಯುದ್ಧ. ಸಿಲ್ವರ್ ಘೋಸ್ಟ್‌ನ ಚಾಸಿ ಮೇಲೆಯೇ ಕವಚದ ಕಾರು ಕಟ್ಟಿ ಸಾಮ್ರಾಜ್ಯದ ಗಡಿಗಳಲ್ಲಿ ಓಡಿಸಿದರು. ಮುರಿಯದ ಉಕ್ಕು ಯಾರ ಕೈಯಲ್ಲಿದೆ ಅಂತ ಕೇಳುವುದಿಲ್ಲ. ರಾಯ್ಸ್ ಕೂಡ ಕೇಳಿದವನಲ್ಲ. ಒಳ್ಳೆ ಕೆಲಸ ಮಾಡುವುದಷ್ಟೇ ತನ್ನ ಧರ್ಮ ಅಂತ ನಂಬಿದ ಎಂಜಿನಿಯರ್‌ಗಳ ಸಾಲಿನಲ್ಲಿ ಅವನೂ ಒಬ್ಬ. ಅವನ ಕೈಚಳಕವನ್ನು ಮೆಚ್ಚುವಾಗ ಈ ಮೌನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆರ್ ಎಂಜಿನ್ ಮತ್ತು ಒಂದು ಲಕ್ಷ ಪೌಂಡ್

1920ರ ದಶಕದಲ್ಲಿ ಷ್ನೈಡರ್ ಟ್ರೋಫಿ ಎಂಬ ಸೀಪ್ಲೇನ್ ರೇಸ್ ದೇಶಗಳ ನಡುವಿನ ಪ್ರತಿಷ್ಠೆಯ ವಿಷಯವಾಗಿತ್ತು. 1929ರ ರೇಸ್‌ಗಾಗಿ ರಾಯ್ಸ್ ಮತ್ತು ತಂಡ ಆರ್ ಎಂಬ ಎಂಜಿನ್ ಮಾಡಿತು. ವೆಸ್ಟ್ ವಿಟರಿಂಗ್‌ನ ಕಡಲ ತೀರದಲ್ಲಿ ರಾಯ್ಸ್ ಕೋಲಿನಿಂದ ಮರಳ ಮೇಲೆ ಅದರ ರೂಪ ಗೀಚಿ ತೋರಿಸಿದ ಅಂತ ಹೇಳುತ್ತಾರೆ. 12 ಸಿಲಿಂಡರ್, 36.7 ಲೀಟರ್. ಅದಕ್ಕೆ ಆಧಾರವಾದ ಬಜಾರ್ಡ್ ಎಂಜಿನ್ ಕೊಡುತ್ತಿದ್ದದ್ದು 825 ಅಶ್ವಶಕ್ತಿ. ಅದೇ ಗಾತ್ರದಿಂದ 1929ರಲ್ಲಿ 1,900, 1931ರಲ್ಲಿ 2,350 ಅಶ್ವಶಕ್ತಿ ತೆಗೆದರು.

ನಿಮಿಷಕ್ಕೆ 3,200 ಸುತ್ತು ಅಂದ್ರೆ ಪಿಸ್ಟನ್ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ನಿಂತು ದಿಕ್ಕು ಬದಲಿಸಬೇಕು. ಆ ಎಂಜಿನ್ನಿನ ಅಳತೆ ಇಟ್ಟುಕೊಂಡು ಲೆಕ್ಕ ಹಾಕಿದರೆ, ಪಿಸ್ಟನ್ ತುತ್ತತುದಿಯಲ್ಲಿ ತಿರುಗುವಾಗ ಅದರ ತೂಕದ ಸಾವಿರ ಪಟ್ಟಿಗೂ ಮೀರಿದ ಎಳೆತ ರಾಡ್ ಮೇಲೆ ಬೀಳುತ್ತೆ. ಒಂದು ಕಿಲೋ ತೂಗುವ ವಸ್ತುವಿಗೆ ಒಂದು ಟನ್‌ಗಿಂತ ಹೆಚ್ಚು. ಡರ್ಬಿಯ ಪರೀಕ್ಷಾ ಕಟ್ಟೆಯಲ್ಲಿ ಎಂಜಿನ್ನುಗಳು ಒಂದರ ಮೇಲೊಂದು ಮುರಿದವು. ಮುರಿದದ್ದನ್ನು ನೋಡಿ, ಆ ಭಾಗ ಗಟ್ಟಿ ಮಾಡಿ, ಮತ್ತೆ ಓಡಿಸಿ, ಮತ್ತೆ ಮುರಿದು ನೋಡಿದರು. ಹಗಲು ರಾತ್ರಿ ಕಿವಿ ಕಿತ್ತುಹೋಗುವ ಸದ್ದು. ದೇಶದ ಗೌರವಕ್ಕಾಗಿ ಸಹಿಸಿಕೊಳ್ಳಿ ಅಂತ ಊರಿನ ಮೇಯರ್ ಜನರನ್ನು ಕೇಳಿಕೊಳ್ಳಬೇಕಾಯಿತು. 1929ರಲ್ಲಿ ಬ್ರಿಟನ್ ಗೆದ್ದಿತು, ಮರುವರ್ಷ ರಾಯ್ಸ್‌ಗೆ ಬ್ಯಾರನೆಟ್ ಪದವಿ ಬಂತು.

1931ಕ್ಕೆ ಬರುವಾಗ ಮಹಾ ಆರ್ಥಿಕ ಕುಸಿತ. ಬ್ರಿಟನ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ನಿರುದ್ಯೋಗಿಗಳು. ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರ ಲೇಬರ್ ಸರ್ಕಾರ ರೇಸ್‌ಗೆ ದುಡ್ಡು ಕೊಡಲ್ಲ ಅಂದಿತು. ಆಗ ಲೇಡಿ ಹೂಸ್ಟನ್ ಎಂಬ ಶ್ರೀಮಂತೆ, ಹಡಗು ಕಂಪನಿಯ ಮಾಲೀಕನಾಗಿದ್ದ ಗಂಡನಿಂದ ಬಂದ ಆಸ್ತಿಯಿಂದ 1 ಲಕ್ಷ ಪೌಂಡ್ ಕೊಟ್ಟಳು. ಲೇಬರ್ ಸರ್ಕಾರವನ್ನು ಕಂಡರಾಗದ ಆಕೆಗೆ ಅದನ್ನು ಅವಮಾನಿಸುವ ಖುಷಿಯೂ ಇತ್ತು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಟ್ರೋಫಿಯನ್ನು ಶಾಶ್ವತವಾಗಿ ಗೆದ್ದುಕೊಂಡಿತು. ಅದೇ ತಿಂಗಳು ಅದೇ ಮಾದರಿಯ ವಿಮಾನ ಗಂಟೆಗೆ 407.5 ಮೈಲಿ, ಅಂದರೆ ಸುಮಾರು 656 ಕಿಲೋಮೀಟರ್ ವೇಗ ಮುಟ್ಟಿತು.

ಒಬ್ಬ ಶ್ರೀಮಂತೆ ದೇಶ ಉಳಿಸಿದಳು, ಸರ್ಕಾರ ಕೈಚೆಲ್ಲಿತು ಅಂತ ಇದನ್ನು ಈಗಲೂ ಹೇಳುವವರಿದ್ದಾರೆ. ಅರ್ಧ ಕಥೆ ಇದು. 1929ರ ಎಂಜಿನ್ನಿಗೆ ದುಡ್ಡು ಕೊಟ್ಟದ್ದು ಸರ್ಕಾರ. 1931ರಲ್ಲಿ ಹಾರಿಸಿದ ಪೈಲಟ್‌ಗಳು ವಾಯುಸೇನೆಯವರು. ಆ ಕಂಪನಿ ಬೆಳೆದದ್ದೇ ಯುದ್ಧಕಾಲದ ಸರ್ಕಾರಿ ಆರ್ಡರ್‌ಗಳಿಂದ. ನಿರುದ್ಯೋಗಿಯ ಭತ್ಯೆಯೋ ರೇಸಿನ ಎಂಜಿನ್ನೋ ಅಂತ ಆಯ್ಕೆ ಮಾಡಬೇಕಾಗಿ ಬಂದಾಗ ಸರ್ಕಾರ ತಡವರಿಸಿದ್ದರಲ್ಲಿ ಮೂರ್ಖತನ ಕಾಣಿಸಲ್ಲ. ಚೆಕ್ ಬರೆದವಳ ಹೆಸರು ಮಾತ್ರ ನೆನಪಿನಲ್ಲಿ ಉಳಿದು, ತೆರಿಗೆ ಕಟ್ಟಿದವರದ್ದು ಅಳಿದುಹೋಗುವುದು ಬರೀ ಇಂಗ್ಲೆಂಡಿನ ರೂಢಿಯಲ್ಲ.

ಆರ್ ಎಂಜಿನ್ ರಸ್ತೆಗೂ ಇಳಿಯಿತು. ಮಾಲ್ಕಂ ಕ್ಯಾಂಪ್‌ಬೆಲ್‌ನ ಬ್ಲೂಬರ್ಡ್ ಕಾರು ಈ ಎಂಜಿನ್ ಹೊತ್ತು 1933ರ ಫೆಬ್ರವರಿಯಲ್ಲಿ ಡೇಟೋನಾ ಕಡಲ ತೀರದಲ್ಲಿ ಗಂಟೆಗೆ 272 ಮೈಲಿ ವೇಗದಲ್ಲಿ ಓಡಿತು. 1935ರಲ್ಲಿ ಬೊನೆವಿಲ್ ಉಪ್ಪಿನ ಬಯಲಿನಲ್ಲಿ 301 ಮೈಲಿ ದಾಟಿತು. 1938ರಲ್ಲಿ ಜಾರ್ಜ್ ಐಸ್ಟನ್ ಇಂಥ ಎರಡು ಎಂಜಿನ್ ಕೂಡಿಸಿದ ಥಂಡರ್‌ಬೋಲ್ಟ್ ಕಾರಿನಲ್ಲಿ 357 ಮೈಲಿ ಮುಟ್ಟಿದ. ಆದರೆ ಡೇಟೋನಾದ ನಂತರದ ಈ ದಾಖಲೆಗಳನ್ನು ನೋಡಲು ರಾಯ್ಸ್ ಇರಲಿಲ್ಲ.

ಅವನು ಕೇಳದ ಎಂಜಿನ್ ಸದ್ದು

1933ರ ಏಪ್ರಿಲ್ 22ರಂದು, 70ನೇ ವಯಸ್ಸಿನಲ್ಲಿ, ವೆಸ್ಟ್ ವಿಟರಿಂಗ್‌ನ ಮನೆಯಲ್ಲಿ ರಾಯ್ಸ್ ತೀರಿಕೊಂಡ. ಅವನ ಕಣ್ಣಳತೆಯಲ್ಲಿ ನಕ್ಷೆಯಾಗಿದ್ದ ಪಿವಿ-12 ಎಂಬ ಹೊಸ ಎಂಜಿನ್ ಮೊದಲ ಬಾರಿ ಓಡಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಶುರುವಿನಲ್ಲಿ ಕಂಪನಿಯ ಸ್ವಂತ ದುಡ್ಡಿನಲ್ಲಿ ಹೊರಟ ಕೆಲಸ ಅದು, ಆಮೇಲೆ ಸರ್ಕಾರದ ನೆರವು ಬಂತು. ಮುಂದೆ ಅದಕ್ಕೆ ಮರ್ಲಿನ್ ಅಂತ ಹೆಸರಾಯಿತು.

ಮರ್ಲಿನ್‌ನ ಕನೆಕ್ಟಿಂಗ್ ರಾಡ್‌ಗಳು ನಿಕ್ಕಲ್ ಉಕ್ಕನ್ನು ಬಡಿದು, ಎಚ್ ಆಕಾರಕ್ಕೆ ಕೊರೆದವು. ವಿ ಆಕಾರದ ಎಂಜಿನ್ನಿನಲ್ಲಿ ಎದುರುಬದುರಿನ ಎರಡು ಪಿಸ್ಟನ್‌ಗಳು ಕ್ರ್ಯಾಂಕ್‌ನ ಒಂದೇ ಜಾಗವನ್ನು ಹಂಚಿಕೊಳ್ಳಬೇಕು. ಅದಕ್ಕಾಗಿ ಒಂದು ರಾಡ್‌ನ ತುದಿಯನ್ನು ಕವೆಗೋಲಿನ ಹಾಗೆ ಎರಡಾಗಿ ಸೀಳಿ, ಇನ್ನೊಂದು ರಾಡ್‌ನ ತುದಿಯನ್ನು ಅದರ ನಡುವೆ ಕೂರಿಸಿದರು. ಸುಮಾರು 1,000 ಅಶ್ವಶಕ್ತಿಯಿಂದ ಶುರುವಾದ ಈ ಎಂಜಿನ್ ಕೊನೆಯ ಮಾದರಿಗಳಲ್ಲಿ 2,000 ದಾಟಿತು. ಗಾತ್ರ ಮಾತ್ರ ಅದೇ 27 ಲೀಟರ್. ಹಿಟ್ಲರನ ವಾಯುಸೇನೆಯನ್ನು ತಡೆದ ಸ್ಪಿಟ್‌ಫೈರ್, ಹರಿಕೇನ್‌ಗಳಲ್ಲಿದ್ದದ್ದು ಇದೇ. ಜರ್ಮನಿಯ ಊರುಗಳನ್ನು ಜನರ ಸಮೇತ ಸುಟ್ಟ ಲ್ಯಾಂಕಾಸ್ಟರ್ ಬಾಂಬರ್‌ಗಳಲ್ಲಿದ್ದದ್ದೂ ಇದೇ.

ಇಂಥ ಎಂಜಿನ್ನುಗಳು ಸುಮಾರು ಒಂದೂವರೆ ಲಕ್ಷ ತಯಾರಾದವು. ಅದರಲ್ಲಿ 55 ಸಾವಿರದಷ್ಟು ಅಮೆರಿಕದ ಪ್ಯಾಕಾರ್ಡ್ ಕಾರ್ಖಾನೆಯಲ್ಲಿ. ಉಳಿದವು ಡರ್ಬಿ, ಕ್ರೂ, ಮ್ಯಾಂಚೆಸ್ಟರ್ ಮತ್ತು ಗ್ಲಾಸ್ಗೊ ಹತ್ತಿರದ ಹಿಲಿಂಗ್ಟನ್‌ನಲ್ಲಿ. ಹಿಲಿಂಗ್ಟನ್ ಕಾರ್ಖಾನೆಗೆ ಬಂದವರಲ್ಲಿ ಬಹಳ ಮಂದಿ ಅದಕ್ಕೂ ಮುಂಚೆ ಯಂತ್ರ ಮುಟ್ಟಿರದ ಹೆಂಗಸರು. ಗಂಡಸರ ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುತ್ತಿದ್ದರು, ಕೂಲಿ ಮಾತ್ರ ಕಡಿಮೆ. 1943ರ ಕೊನೆಯಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಅವರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಸುಮಾರು 16 ಸಾವಿರ ಮಂದಿ ಮುಷ್ಕರದಲ್ಲಿದ್ದರು, ಗಂಡಸರೂ ಜೊತೆಯಾದರು. ದೇಶದ್ರೋಹ ಅಂತ ಬೈದವರಿಗೆ ಆಗಲೂ ಕೊರತೆ ಇರಲಿಲ್ಲ. ಕೊನೆಗೆ ಯಂತ್ರದ ಮುಂದೆ ನಿಂತವರು ಹೆಣ್ಣೋ ಗಂಡೋ ಅನ್ನೋದರ ಬದಲು ಯಾವ ಯಂತ್ರ, ಯಾವ ಕೆಲಸ ಅನ್ನೋದರ ಮೇಲೆ ಕೂಲಿ ಗೊತ್ತು ಮಾಡುವ ಒಪ್ಪಂದ ಆಯಿತು.

ಯುದ್ಧದ ನಂತರ ಜೆಟ್ ಬಂತು. ಜೆಟ್ ಎಂಜಿನ್ನಿಗೆ ಕನೆಕ್ಟಿಂಗ್ ರಾಡೇ ಬೇಡ. ಅಂಥ ಒಂದು ಹೊಸ ಜೆಟ್ ಎಂಜಿನ್ನಿನ ಖರ್ಚಿನಲ್ಲೇ 1971ರಲ್ಲಿ ರೋಲ್ಸ್‌ರಾಯ್ಸ್ ದಿವಾಳಿಯಾಯಿತು. ಆಗ ಅದನ್ನು ರಾಷ್ಟ್ರೀಕರಣ ಮಾಡಿ ಉಳಿಸಿದ್ದು ಖಾಸಗಿ ಬಂಡವಾಳವನ್ನೇ ಹೊಗಳುವ ಕನ್ಸರ್ವೇಟಿವ್ ಪಕ್ಷದ ಸರ್ಕಾರ. 1987ರಲ್ಲಿ ಮತ್ತೆ ಖಾಸಗಿಯಾಯಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜಾಗ್ವಾರ್ ವಿಮಾನಗಳಿಗೆ ತಯಾರಾದ ಅಡೋರ್ ಎಂಜಿನ್ನುಗಳು ಅದೇ ಕಂಪನಿಯ ಪರವಾನಗಿಯವು. ನಮ್ಮ ಸಾರ್ವಜನಿಕ ಉದ್ದಿಮೆಯ ಕಾರ್ಮಿಕರ ಕೈಗೂ ಹೀಗೆ ಆ ಹೆಸರಿನ ಕೆಲಸ ಬಂತು.

ಸ್ವಂತ ಬಲದಿಂದ ಮೇಲೆ ಬಂದವನು ಅನ್ನೋದಕ್ಕೆ ಹೆನ್ರಿ ರಾಯ್ಸ್‌ನಷ್ಟು ಯೋಗ್ಯ ಇನ್ನೊಬ್ಬ ಸಿಗುವುದು ಕಷ್ಟ. ಅವನ ಶ್ರಮ ಸುಳ್ಳಲ್ಲ. ಆದರೆ ಅವನ ಬದುಕಿನ ಲೆಕ್ಕ ಬಿಚ್ಚಿದರೆ ಅತ್ತೆಯ ಮೂರು ವರ್ಷದ ದುಡ್ಡು ಇದೆ, ಕ್ಲೇರ್‌ಮಾಂಟ್‌ನ 50 ಪೌಂಡ್ ಇದೆ, ನರ್ಸ್ ಒಬ್ಬಳ 21 ವರ್ಷ ಇದೆ, ಸರ್ಕಾರದ ಬೊಕ್ಕಸ ಇದೆ, ಕುಲುಮೆ ಮತ್ತು ಲೇತ್‌ಗಳ ಮುಂದೆ ನಿಂತ ಸಾವಿರಾರು ಜನರಿದ್ದಾರೆ. ಉಕ್ಕು ತಾನಾಗಿ ಗಟ್ಟಿಯಾಗುವುದಿಲ್ಲ. ಯಾರೋ ಕಾಯಿಸಬೇಕು, ಯಾರೋ ಬಡಿಯಬೇಕು, ಯಾರೋ ಉಜ್ಜಿ ಗೀರು ತೆಗೆಯಬೇಕು. ಇದು ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿದ್ದದ್ದು ಅವನಿಗೇ.

ಅವನ ಬೂದಿ ಈಗ ಇರೋದು ಹುಟ್ಟೂರು ಆಲ್ವಾಲ್ಟನ್‌ನ ಚರ್ಚಿನಲ್ಲಿ. ಪೀಟರ್‌ಬರೊದ ವರ್ಕ್‌ಶಾಪ್‌ನಲ್ಲಿ ಅವನು ಮುಗಿಸಲಾಗದ ಅಪ್ರೆಂಟಿಸ್‌ಗಿರಿಗೆ ಅಲ್ಲಿಂದ ಕೆಲವೇ ಮೈಲಿ. ನಾಲ್ಕನೇ ವರ್ಷದ ಆ 20 ಪೌಂಡನ್ನು ಯಾರೂ ಕಟ್ಟಲಿಲ್ಲ. ಅವನು ಹೇಗೋ ದಾಟಿದ. ಅದೇ ವರ್ಷ, ಅದೇ ಕಾರಣಕ್ಕೆ, ಅಂಥದೇ ವರ್ಕ್‌ಶಾಪ್‌ಗಳಿಂದ ಹೊರಬಿದ್ದು ದಾಟಲಾಗದೆ ಹೋದವರ ಹೆಸರು ಯಾವ ಕಾರಿನ ಮೇಲೂ ಇಲ್ಲ.